ಹಾಲು ಬಿಟ್ಟ ನೀಲವ್ವ, ರೊಟ್ಟಿ ಬಿಟ್ಟ ಬೀರಪ್ಪ

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ನನ್ನ ಬಾಜೂಕೆ ಬಂದು ದನಿ ತಗ್ಗಿಸಿ ಕೇಳುವುದು ಈಗ ರೂಢಿಯಾಗಿದೆ. "ಅಕ್ಕಾರ, ಇಷ್ಟ ವರ್ಷ ಮಂದಿ ರಕ್ತಾ ನೋಡೀರಿ. ಖರೇ ಹೇಳ್ರಿ, ಮಟನ್ ಮೊಟ್ಟಿ ತಿನ್ನಾವರ ರಕ್ತ ಚಲೋ ಇರತೈತೋ, ಬರೇ ಕಾಳು ಪಲ್ಯಾ ತಿನ್ನಾವರದೋ?"

ಮೊಬೈಲ್ ಬಂದ ಮೇಲೆ ಈ ಪ್ರಶ್ನೆ ಹೆಚ್ಚಾಯಿತು. ಅದರಲ್ಲಿ ಒಬ್ಬರು ಹಾಲು, ಮೊಸರು, ತುಪ್ಪವನ್ನೂ ಬಿಡಿ ಎನ್ನುತ್ತಾರೆ. ಇನ್ನೊಬ್ಬರು ಮಾಂಸ ಬಿಟ್ಟು ಬೇರೇನನ್ನೂ ಮುಟ್ಟಬೇಡಿ ಎನ್ನುತ್ತಾರೆ. ಇಬ್ಬರೂ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ನಾನು ಡಾಕ್ಟರಲ್ಲ. ಕುಂದಗೋಳ ತಾಲೂಕಿನಲ್ಲಿ, ಸಂಶಿಯ ಆಚೆಗಿನ ಒಂದು ಹಳ್ಳಿಯ ಸರಕಾರಿ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದು ಹೋದ ವರ್ಷ ನಿವೃತ್ತಳಾದವಳು. ಊರಿನವರ ಬಾಯಲ್ಲಿ "ರಕ್ತಾ ತಗಿಯೂ ಅಕ್ಕಾರು". ಯಾವ ಊಟ ಮೇಲು ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಎರಡೂ ಬಗೆಯ ಊಟವನ್ನು ಕಡೆಯ ತನಕ ನಡೆಸಲು ಹೊರಟ ಇಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಬಂದಾಗ ಅವರ ವಿಷಯವನ್ನೇ ಹೇಳುತ್ತೇನೆ.

ಮೊದಲು ನಮ್ಮ ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ನಾನು ಸೇರಿದಾಗ ಲ್ಯಾಬ್ ಎಂದರೆ ಒಂದು ಮೇಜು, ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಲು ನೀಲಿ ಔಷಧಿಯಲ್ಲಿ ಬೆರೆಸಿ ಕಾಯಿಸುತ್ತಿದ್ದೆವು. ಬಣ್ಣ ಹಸಿರಾದರೆ ಸ್ವಲ್ಪ, ಇಟ್ಟಿಗೆಯ ಕೆಂಪಾದರೆ ಬಹಳ. ರಕ್ತ ಎಷ್ಟಿದೆ ಎಂದು ತಿಳಿಯಲು ಸಣ್ಣ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣಕ್ಕೆ ಬಣ್ಣ ಹೋಲಿಸಬೇಕು. ಮೋಡ ಕವಿದ ದಿನ ಇಡೀ ಊರಿಗೆ ರಕ್ತ ಕಡಿಮೆ ಇದ್ದಂತೆ ಕಾಣುತ್ತಿತ್ತು. ಆಮೇಲೆ ಯಂತ್ರಗಳು ಬಂದವು. ಒಂದು ಹನಿ ರಕ್ತಕ್ಕೆ ಕಣ್ಣು ಮಿಟುಕಿಸುವುದರೊಳಗೆ ಅಂಕಿ ಬರುತ್ತದೆ. ಅವು ನಮ್ಮ ಕಣ್ಣಿಗಿಂತ ಸಾವಿರ ಪಾಲು ನಂಬಿಗಸ್ತವು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಯಂತ್ರ ಊಟದ ವಿಷಯ ಕೇಳುವುದಿಲ್ಲ. ಶುರುವಿನ ವರ್ಷಗಳಲ್ಲಿ ನಮ್ಮಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದರು. ಬಹಳ ಶಿಸ್ತು, ಮಾತು ಕಡಿಮೆ. ಒಮ್ಮೆ ಒಬ್ಬ ರೈತ ಸೋಮವಾರ ರಕ್ತ ತೋರಿಸಲು ಬಂದ. "ಉಪಾಸ ಇದ್ದೀರೇನು?" ಎಂದು ಕೇಳಿದೆವು. "ಹೌದ್ರಿ, ಉಪಾಸ ಅದೇನಿ" ಎಂದ. ಶುಗರ್ ವಿಪರೀತ ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವನು ಹೊರಗೆ ಹೋಗುತ್ತ ಕಂಪೌಂಡರ್ ಹತ್ತಿರ, "ಉಪಾಸ ಅಂತ ಮುಂಜಾನೆ ಸಾಬುದಾಣಿ ಖಿಚಡಿ, ನಾಕ ಬಾಳಿಹಣ್ಣು ತಿಂದ ಬಂದೇನಿ, ಈಗ ಗುಳಿಗಿ ಮ್ಯಾಲೆ ಊಟಾ ಮಾಡಬೇಕೋ ಏನು?" ಎಂದು ಕೇಳಿದ. ಸೋಮವಾರದ ಒಪ್ಪತ್ತು ಅವನಿಗೆ ಉಪವಾಸ. ಡಾಕ್ಟರು ತಾವೇ ಎದ್ದು ಬಾಗಿಲಿಗೆ ಹೋಗಿ ಅವನನ್ನು ಕರೆತಂದು, ಚೀಟಿ ಹರಿದು, "ತಪ್ಪು ನಮ್ಮದು, ಸರಿಯಾಗಿ ಕೇಳಲಿಲ್ಲ" ಎಂದರು. ಅಷ್ಟು ದೊಡ್ಡ ಮನುಷ್ಯ ಒಬ್ಬ ರೈತನ ಮುಂದೆ ಹಾಗೆ ಹೇಳಿದ್ದನ್ನು ನಾನು ಮರೆತಿಲ್ಲ. ಅಂದಿನಿಂದ ನಮ್ಮಲ್ಲಿ "ಉಪಾಸ ಇದ್ದೀರೇನು" ಎಂಬ ಪ್ರಶ್ನೆ ಹೋಗಿ "ನಿನ್ನೆ ಸಂಜೆಯಿಂದ ಬಾಯಿಗೆ ಏನೇನು ಹೋಯಿತು" ಎಂಬುದು ಬಂತು.

ಆ ಡಾಕ್ಟರು ಹೋಗಿ ಎಷ್ಟೋ ವರ್ಷಗಳ ಮೇಲೆ ವಿನುತಾ ಮೇಡಮ್ ಬಂದರು. ಕಾರವಾರದ ಕಡೆಯವರು, ನನ್ನ ಮಗಳ ವಯಸ್ಸು. ಅವರ ಕಾಲದಲ್ಲಿ ನಡೆದದ್ದು ನೀಲವ್ವನ ಪ್ರಸಂಗ.

ನೀಲವ್ವ ಅರವತ್ತರ ಹತ್ತಿರದ ಹೆಂಗಸು. ಶಿವಭಕ್ತರ ಮನೆತನ, ಹುಟ್ಟಿದಾಗಿನಿಂದ ಸಸ್ಯಾಹಾರ. ಸಪೂರ ಮೈ, ಚುರುಕು ನಡಿಗೆ, ಹೊಲದಲ್ಲಿ ಯಾರಿಗೂ ಸೋಲದ ಕೈ. ಬಿ.ಪಿ., ಶುಗರ್ ಅವಳ ಹತ್ತಿರ ಸುಳಿದಿರಲಿಲ್ಲ. ಕೊಲೆಸ್ಟ್ರಾಲ್ ಅಂಕಿ ನೋಡಿದರೆ ನಮಗೇ ಹೊಟ್ಟೆಕಿಚ್ಚಾಗಬೇಕು, ಅಷ್ಟು ಚೆನ್ನಾಗಿತ್ತು. ಆದರೆ ರಕ್ತ ಕಡಿಮೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಎಂದರೆ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುವುದು ರೂಢಿ. ಮೇಡಮ್ ಬರುವ ಮೊದಲೇ ಒಂದು ಶಿಬಿರದಲ್ಲಿ ಯಾರೋ ಅವಳಿಗೆ ಅದನ್ನೇ ಕೊಟ್ಟಿದ್ದರು. ಕೆಲವು ತಿಂಗಳಲ್ಲಿ ಅಂಕಿ ಸ್ವಲ್ಪ ಮೇಲೇರಿತು. ಎಲ್ಲರೂ ಗುಣವಾಯಿತು ಎಂದುಕೊಂಡರು. ನೀಲವ್ವ ಮಾತ್ರ ಗೋಡೆ ಹಿಡಿದು ನಡೆಯತೊಡಗಿದ್ದಳು.

"ಕಾಲಾಗ ಜೋಮ ಹಿಡದಂಗ ಆಗತೈತ್ರಿ," ಎಂದಳು ಮೇಡಮ್ ಮುಂದೆ ಕೂತು. "ದಾರ್ಯಾಗ ಚಪ್ಲಿ ಬಿದ್ದ ಹೋಗಿರತೈತಿ, ನನಗ ಗೊತ್ತ ಆಗೂದಿಲ್ರಿ. ಹಿಂದಿನಾವರು ಯಾರರೆ ಎತ್ತಿ ಕೊಡತಾರ. ಸಂಜಿಕ ಕಣ್ಣ ಮುಚ್ಚಿ ಮುಖಾ ತೊಳ್ಯಾಕ ಹೋದ್ರ ಬೀಳತೇನಿ."

ಮೇಡಮ್ ಅಂಕಿ ನೋಡಿ ಸುಮ್ಮನಾಗಲಿಲ್ಲ. "ಅಕ್ಕ, ಯಂತ್ರ ಬಿಡಿ. ಗಾಜಿನ ಮೇಲೆ ರಕ್ತ ಸವರಿ ಹಳೆಯ ಪದ್ಧತಿಯಲ್ಲಿ ನೋಡೋಣ" ಎಂದು ನನಗೆ ಹೇಳಿದರು. ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಮೇಡಮ್ ಬಹಳ ಹೊತ್ತು ನೋಡಿ, ನನ್ನನ್ನೂ ಕೂರಿಸಿ ತೋರಿಸಿದರು. ಕಬ್ಬಿಣ ಕಡಿಮೆಯಾದರೆ ಕೆಂಪು ಕಣಗಳು ಚಿಕ್ಕದಾಗಿ ಬಿಳಿಚಿಕೊಂಡಿರುತ್ತವೆ. ಇವು ದೊಡ್ಡವಾಗಿ, ಊದಿಕೊಂಡಂತೆ ಇದ್ದವು.

"ಹಾಲು, ಮೊಸರು ತಿಂತೀರಾ ನೀಲಮ್ಮ?"

"ಬಿಟ್ಟೇನ್ರಿ."

"ತುಪ್ಪ?"

"ಅದನೂ ಬಿಟ್ಟೇನಿ. ನಾಕೈದ ವರ್ಷ ಆತು."

ಯಾಕೆಂದು ಮೇಡಮ್ ಕೇಳಿದರು. ನೀಲವ್ವ ಹೇಳಿದಳು. ಅವರ ಮನೆಯ ಎಮ್ಮೆಯ ಕರು ಸತ್ತಿತ್ತು. ಎಮ್ಮೆ ಸೊರ ಬಿಡಲಿಲ್ಲ, ಅಂದರೆ ಹಾಲು ಇಳಿಸಲಿಲ್ಲ. ಅವಳ ಮೈದುನ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ತಂದು ಮುಂದೆ ನಿಲ್ಲಿಸಿದ. ಹಾಗೆ ಮಾಡುವುದು ಊರಿನಲ್ಲಿ ಹೊಸದೇನೂ ಅಲ್ಲ. "ಎಮ್ಮಿ ಆ ತೊಗಲ ನೆಕ್ಕಿಕೋತ ನಿಂತಿತ್ರಿ. ನಾನ ತಂಬಗಿ ಹಿಡಕೊಂಡ ಹಿಂಡಾಕ ಕುಂತೆ. ಹಾಲ ಬಂದ್ವು. ಮನಿಗೆ ಒಯ್ದೆ, ಎಲ್ಲಾರಿಗೂ ಕಾಸಿ ಕೊಟ್ಟೆ. ನನಗ ಮಾತ್ರ ಗಂಟಲಾಗ ಇಳೀಲಿಲ್ಲ. ಅವತ್ತಿನಿಂದ ಬಿಟ್ಟೆ."

ಮನೆಯಲ್ಲಿ ಯಾರಿಗೂ ಬಿಡಿ ಎಂದು ಅವಳು ಹೇಳಿರಲಿಲ್ಲ. ಗಂಡನಿಗೆ ಮಜ್ಜಿಗೆ, ಮೊಮ್ಮಕ್ಕಳಿಗೆ ಹಾಲು ಎಲ್ಲ ತಾನೇ ಕೊಡುತ್ತಿದ್ದಳು. ಕಾಲು ಕೆಟ್ಟ ಮೇಲೆ ಮನೆಯವರೆಲ್ಲ ಸೇರಿ, ಹಾಲು ಕುಡಿದರೆ ಸರಿಯಾಗುತ್ತದೆ ಎಂದು ಬೆನ್ನು ಹತ್ತಿದ್ದರು.

"ಇದಕ್ಕೆ ವೀಗನ್ ಅಂತಾರೆ," ಎಂದರು ಮೇಡಮ್.

"ಹೆಸರ ಇಟ್ಟಾರೇನ್ರಿ ಇದಕ್ಕ?" ಎಂದಳು ನೀಲವ್ವ. ಜಗತ್ತಿನಲ್ಲಿ ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಮೇಡಮ್ ವಿವರಿಸಿದರು. ಬಿ ಹನ್ನೆರಡು ಎಂಬ ಜೀವಸತ್ವ ಮಾಂಸ, ಮೊಟ್ಟೆ, ಹಾಲಿನಲ್ಲಿ ಸಿಗುತ್ತದೆ, ಕಾಳು ಪಲ್ಯದಲ್ಲಿ ಸಿಗುವುದಿಲ್ಲ. ಅದಿಲ್ಲದಿದ್ದರೆ ರಕ್ತವೂ ಕೆಡುತ್ತದೆ, ನರವೂ ಕೆಡುತ್ತದೆ. ಕಬ್ಬಿಣದ ಗುಳಿಗೆಯ ಜೊತೆಗಿರುವ ಇನ್ನೊಂದು ಔಷಧಿ ರಕ್ತದ ಅಂಕಿಯನ್ನು ತುಸು ಮೇಲೆತ್ತಿ ನಿಜವಾದ ಕೊರತೆಯನ್ನು ಮುಚ್ಚಿಟ್ಟಿತ್ತು. ಒಳಗೆ ನರ ಸವೆಯುತ್ತಲೇ ಇತ್ತು. ಇನ್ನೂ ತಡವಾದರೆ ಹಾಸಿಗೆ ಹಿಡಿಯುವ ಹಾಗಿತ್ತು.

ಹೊರಗೆ ನಿಂತಿದ್ದ ಗಂಡ ಒಳಗೆ ಬಂದು, "ಹಂಗಾರ ನೀವ ಹೇಳ್ರಿ ಮೇಡಮ್, ಹಾಲ ಕುಡಿ ಅಂತ. ನಿಮ್ಮ ಮಾತ ಕೇಳತಾಳ" ಎಂದ.

"ಹಾಲಿನಿಂದ ಇಷ್ಟು ಕೊರತೆ ತುಂಬೋದಿಲ್ಲ. ಸೂಜಿಯೇ ಬೇಕು. ಸೂಜಿ ತಗೊಂಡರೆ ಅವರು ಹಾಲು ಕುಡಿಯಲೇಬೇಕು ಅಂತಿಲ್ಲ," ಎಂದರು ಮೇಡಮ್.

ನೀಲವ್ವ ತಲೆ ಎತ್ತಿದಳು. "ಆ ಸೂಜಿ ಎದರಾಗಿಂದ ಮಾಡ್ತಾರ್ರಿ?"

ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಔಷಧಿ ಯಾವುದರಿಂದ ಮಾಡುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿರಲಿಲ್ಲ. ಮೇಡಮ್ ಬೇಕಾದರೆ ಏನಾದರೂ ಹೇಳಿ ಸಾಗಹಾಕಬಹುದಿತ್ತು. "ಗೊತ್ತಿಲ್ಲ. ನಾಳೆ ಬನ್ನಿ, ವಿಚಾರಿಸಿ ಹೇಳುತ್ತೇನೆ" ಎಂದರು.

ಮರುದಿನ ನೀಲವ್ವ ಗಂಡನ ತೋಳು ಹಿಡಿದು ಬಂದಳು. ಮೇಡಮ್ ವಿಚಾರಿಸಿದ್ದರು. ದೋಸೆ ಹಿಟ್ಟು ಹುದುಗು ಬರುವಂತೆ ದೊಡ್ಡ ದೊಡ್ಡ ಹಂಡೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಅದನ್ನು ತೆಗೆಯುತ್ತಾರೆ, ಪ್ರಾಣಿಯ ಸಂಬಂಧವಿಲ್ಲ ಎಂದರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅವರು ಮುಂದುವರಿದು, "ಆದರೆ ಇದೇ ಔಷಧಿ ಮೆತ್ತನೆ ಕ್ಯಾಪ್ಸೂಲಿನಲ್ಲೂ ಬರುತ್ತದೆ. ಅದರ ಮೇಲಿನ ಸಿಪ್ಪೆಯನ್ನು ಸಾಮಾನ್ಯವಾಗಿ ದನದ ಎಲುಬು, ತೊಗಲಿನಿಂದ ಮಾಡುತ್ತಾರೆ. ಯಾರಾದರೂ ಕೊಟ್ಟರೆ ತಗೋಬೇಡಿ. ಮುಂದೆ ಬೇಕಾದರೆ ನಾನು ಬೇರೆ ಗುಳಿಗೆ ಬರೆದುಕೊಡುತ್ತೇನೆ" ಎಂದರು.

ನೀಲವ್ವ ಕೇಳಿದಳು: "ನೀವೇನ ತಿಂತೀರಿ ಮೇಡಮ್?"

"ನಾನು ಮೀನು ತಿನ್ನುತ್ತೇನೆ. ಮೀನಿಲ್ಲದೆ ನನಗೆ ಊಟ ಸೇರುವುದಿಲ್ಲ."

"ಹೌದ್ರಿ?" ಎಂದು ನೀಲವ್ವ ನಕ್ಕು ಸೆರಗು ಸರಿಸಿ ತೋಳು ಮುಂದೆ ಮಾಡಿದಳು. "ಮಾಡ್ರಿ ಸೂಜಿ."

ಸೂಜಿ ಶುರುವಾದ ಮೇಲೆ ರಕ್ತ ಬೇಗ ಸುಧಾರಿಸಿತು. ಗಾಜಿನ ಮೇಲಿನ ಕಣಗಳು ವಾರ ವಾರಕ್ಕೂ ಸರಿಹೋಗುವುದನ್ನು ನೋಡುವುದು ನನಗೊಂದು ಹಬ್ಬ. ಕಾಲು ಮಾತ್ರ ನಿಧಾನವಾಗಿ ಬಂತು. ತೋಳು ಹಿಡಿದು ಬರುತ್ತಿದ್ದವಳು ಕೋಲು ಹಿಡಿದು ಬಂದಳು, ಆಮೇಲೆ ಕೋಲೂ ಬಿಟ್ಟಳು. ಬೆರಳ ತುದಿಯ ಜೋಮು ಪೂರ್ತಿ ಹೋಗಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಸೂಜಿಗೆ ಬರುತ್ತಿದ್ದಳು.

ಹಾಗೆ ಬಂದ ಒಂದು ಮುಂಜಾನೆ ಅವಳ ಬಾಜೂ ಬೆಂಚಿನಲ್ಲಿ ಬೀರಪ್ಪ ಕೂತಿದ್ದ. ಅವಳ ಓಣಿಯವನೇ. ಕುರಿ ಕಾಯುವ ಮನೆತನ, ಈಗ ಕುರಿ ವ್ಯಾಪಾರ. ದಪ್ಪ ಮೈ, ಹಳೆಯ ಸಕ್ಕರೆ ಕಾಯಿಲೆ. ಅವನ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ತಿಳಿ ಭಾಗ ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತಿತ್ತು. ಅಷ್ಟು ಕೊಬ್ಬು. ಹಲವು ತಿಂಗಳು ಕಾಣದೆ ಇದ್ದವನು ಅಂದು ಬಂದದ್ದನ್ನು ನೋಡಿದರೆ ಅರ್ಧದಷ್ಟಾಗಿದ್ದ. ರಕ್ತ ಕೊಟ್ಟು ಬೆಂಚಿಗೆ ಹೋಗಿ ಕೂತವನು ಗಟ್ಟಿಯಾಗಿ ತನ್ನ ಗುಟ್ಟು ಹೇಳುತ್ತಿದ್ದ. ನಾನು ಒಳಗೆ ಕೆಲಸ ಮಾಡುತ್ತಲೇ ಕೇಳಿಸಿಕೊಂಡೆ.

"ರೊಟ್ಟಿ ಬಿಟ್ಟೆ, ಅನ್ನಾ ಬಿಟ್ಟೆ, ಕಾಳು ಬಿಟ್ಟೆ, ಸೊಪ್ಪೂ ಬಿಟ್ಟೆ. ಮಟನ್, ಮೊಟ್ಟಿ, ತುಪ್ಪ, ಅಷ್ಟ. ಮೊಬೈಲ್‌ನ್ಯಾಗ ನೋಡಿ ಹಿಡದೇನಿ. ಬೆಲ್ಟಿಗೆ ಹೊಸಾ ತೂತ ಹೊಡಿಸೇನಿ ನೋಡಕ್ಕಾ."

"ಮಟನ್ ದಿನಾ ಅಂದ್ರ ಬ್ಯಾಸರಾಗೂದಿಲ್ಲೇನಪಾ?" ಎಂದಳು ನೀಲವ್ವ.

"ಆಗತೈತಿ. ಕೆಂಚಿ ರೊಟ್ಟಿ ಬಡಿಯೂ ಸಪ್ಪಳಾ ಕೇಳಿದ್ರ ಬಾಯಾಗ ನೀರ ಬರತಾವು. ಎದ್ದ ಹೊರಗ ಹೋಗತೇನಿ. ನೀ ಹಾಲ ಬಿಟ್ಟಿಲ್ಲೇನು, ಹಂಗ." ಕೆಂಚವ್ವ ಎಂದರೆ ಅವನ ಹೆಂಡತಿ.

ಸ್ವಲ್ಪ ಹೊತ್ತಿಗೆ ನೀಲವ್ವನ ದನಿ ಬೇರೆಯಾಗಿ ಕೇಳಿಸಿತು. "ಅಕ್ಕಾರ, ಲಗೂನ ಬರ್ರಿ. ಬೀರಪ್ಪ ಬೆವರಾಕ ಹತ್ಯಾನ."

ಹೊರಗೆ ಬಂದೆ. ಅವನ ಅಂಗಿ ತೊಯ್ದು ಹೋಗಿತ್ತು, ಕೈ ನಡುಗುತ್ತಿತ್ತು, ಏನೇನೋ ಮಾತಾಡುತ್ತಿದ್ದ. ಬೆರಳು ಚುಚ್ಚಿ ನೋಡಿದರೆ ಶುಗರ್ ಪಾತಾಳಕ್ಕೆ ಇಳಿದಿತ್ತು. ರೊಟ್ಟಿ ಬಿಟ್ಟಿದ್ದ, ಗುಳಿಗೆ ಬಿಟ್ಟಿರಲಿಲ್ಲ. ರೊಟ್ಟಿ ಅನ್ನ ತಿನ್ನುವವನಿಗೆಂದು ಬರೆದ ಗುಳಿಗೆಯನ್ನು ಅಂದು ಖಾಲಿ ಹೊಟ್ಟೆಯಲ್ಲಿ ನುಂಗಿ ಬಂದಿದ್ದ. ಮೇಡಮ್ ಓಡಿ ಬಂದರು. ಸಕ್ಕರೆ ನೀರು ಕಲಸಿ ಲೋಟ ಹಿಡಿದೆ. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ.

"ಸಕ್ರಿ ಬ್ಯಾಡ. ನಾ ಬಿಟ್ಟೇನಿ. ಬ್ಯಾಡ."

ಮೇಡಮ್ ಗದರಿದರು, ನಾನು ಗದ್ದ ಹಿಡಿದೆ. ಬಲವಂತವಾಗಿ ಸುರಿದರೆ ಶ್ವಾಸಕ್ಕೆ ಹೋಗುವ ಭಯ. ಮೇಡಮ್ ರಕ್ತನಾಳಕ್ಕೆ ಹಾಕುವ ಗ್ಲೂಕೋಸ್ ಸೂಜಿ ತರಲು ಒಳಗೆ ಓಡಿದರು. ಆಗ ನೀಲವ್ವ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಅವಳ ಕಾಲು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಒಂದು ಕೈಯಿಂದ ಗೋಡೆ ಹಿಡಿದು ಅವನ ಮುಖಕ್ಕೆ ಬಗ್ಗಿದಳು.

"ಬೀರಪ್ಪಾ, ನನ್ನ ಕಡೆ ನೋಡ. ನಾನೂ ಬಿಟ್ಟಾಕಿ ಹೌದಲ್ಲೋ? ಆದ್ರೂ ಸೂಜಿ ಮಾಡಿಸ್ಕೊಂಡೇನಿ. ಇದು ಊಟಲ್ಲ, ಔಷಧ ಐತಿ. ಕುಡಿ."

ಅವನು ಅವಳನ್ನು ನೋಡಿದ. ಬಾಯಿ ತೆರೆದ. ಮೇಡಮ್ ಬರುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು, ಮಾತು ಸರಿಹೋಯಿತು. "ಏನಾತಕ್ಕಾ ನನಗ?" ಎಂದು ಕೇಳಿದ. ನೀಲವ್ವ ಅಷ್ಟು ಹೊತ್ತು ನಿಂತೇ ಇದ್ದವಳು ಆಗ ಕೂತಳು.

ಅವನನ್ನು ಅಂದು ಮಧ್ಯಾಹ್ನದವರೆಗೆ ಮಲಗಿಸಿಕೊಂಡೆವು. ಆ ಹೊತ್ತಿಗೆ ಅವನ ರಕ್ತವನ್ನು ತಿರುಗಿಸಿದೆ. ನಳಿಗೆ ತೆಗೆದು ನೋಡಿ ನನಗೇ ನಂಬಿಕೆ ಬರಲಿಲ್ಲ. ಮಜ್ಜಿಗೆಯಂತಿದ್ದದ್ದು ತಿಳಿ ಎಣ್ಣೆಯ ಹಾಗೆ ಹೊಳೆಯುತ್ತಿತ್ತು. ಮೇಡಮ್ ಅದನ್ನು ಬೆಳಕಿಗೆ ಹಿಡಿದು, ಅವನ ಹಾಸಿಗೆಯ ಹತ್ತಿರವೇ ಒಯ್ದು ತೋರಿಸಿದರು. "ಇದು ನಿನ್ನ ಸಾಧನೆ ಬೀರಪ್ಪ. ತೂಕ, ಸಕ್ಕರೆ ಎರಡೂ ಇಳಿಸಿದ್ದೀಯ. ನಾನು ಗುಳಿಗೆಯಿಂದ ಮಾಡಲಾಗದ್ದನ್ನು ನೀನು ಮಾಡಿದ್ದೀಯ. ಆದರೆ ಊಟ ಬದಲಿಸಿದ್ದನ್ನು ನಮಗೆ ಹೇಳದೆ ಪ್ರಾಣ ಕಳಕೊಳ್ಳುತ್ತಿದ್ದೆ" ಎಂದರು. ಅವನ ಗುಳಿಗೆ ಕಡಿಮೆ ಮಾಡಿದರು.

ಹೊಸ ಹುಡುಗಿಯರಿಗೆ ಇಲ್ಲಿ ನಾನೊಂದು ಮಾತು ಹೇಳುತ್ತೇನೆ. ಹಿಂದಿನ ಕಾಲವಾಗಿದ್ದರೆ ಆ ತಿಳಿ ರಕ್ತ ನೋಡಿ ಎಲ್ಲ ಸರಿಯಿದೆ ಎಂದು ಕಳಿಸುತ್ತಿದ್ದೆವು. ಹೊಸ ಯಂತ್ರ ಕೊಬ್ಬನ್ನು ಬೇರೆ ಬೇರೆ ಮಾಡಿ ತೋರಿಸುತ್ತದೆ. ಒಂದು ಬಗೆಯ ಕೊಬ್ಬು ಇಳಿದಿತ್ತು. ರಕ್ತನಾಳವನ್ನು ಮುಚ್ಚುವ ಇನ್ನೊಂದು ಬಗೆ ಬಹಳ ಏರಿತ್ತು. ಕಣ್ಣಿಗೆ ಅದು ಕಾಣುವುದಿಲ್ಲ. ನೀಲವ್ವನ ರೋಗ ಹಳೆಯ ಗಾಜಿನಲ್ಲಿ ಸಿಕ್ಕಿತು, ಬೀರಪ್ಪನದು ಹೊಸ ಯಂತ್ರದಲ್ಲಿ ಸಿಕ್ಕಿತು.

ಮೇಡಮ್ ಅದನ್ನು ಹೇಳಿದರೂ ಬೀರಪ್ಪ ಊಟ ಬದಲಿಸಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಕಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದ. ಹೆಬ್ಬೆರಳಿನ ಸಂದು ಟೊಮೆಟೊದಂತೆ ಕೆಂಪಗೆ ಬಾತಿತ್ತು. ಮಲಬದ್ಧತೆಯ ಕಾಟ ಬೇರೆ. ಮಾಂಸ ಅತಿಯಾದರೆ ರಕ್ತದಲ್ಲಿ ಹೆಚ್ಚಾಗಿ ಸಂದು ಬಾತಿಸುವ ಯೂರಿಕ್ ಆಸಿಡ್ ಏರಿತ್ತು.

"ಸ್ವಲ್ಪ ರೊಟ್ಟಿ, ಕಾಳು, ಸೊಪ್ಪು ಶುರು ಮಾಡು. ಮಟನ್ ಪೂರ್ತಿ ಬಿಡು ಅನ್ನುವುದಿಲ್ಲ, ದಿನಾ ಬೇಡ," ಎಂದರು ಮೇಡಮ್.

"ರೊಟ್ಟಿ ತಿಂದ್ರ ಮತ್ತ ಮೊದಲಿನಂಗ ಆಗತೇನ್ರಿ," ಎಂದ. ಅವನ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಅವನ ಅಪ್ಪ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ತೀರಿಹೋದದ್ದು ಊರಿಗೆಲ್ಲ ಗೊತ್ತಿತ್ತು. ಜಿದ್ದಿಗೆ ಬಿದ್ದಿದ್ದಾನೆ ಎಂದು ನಾವು ತಿಳಿದಿದ್ದೆವು. ಅವನು ಅಪ್ಪನ ಕಾಲನ್ನು ನೋಡಿ ಹೆದರಿ ಹಾಗೆ ಮಾಡಿದ್ದ.

ಅವನನ್ನು ದಾರಿಗೆ ತಂದದ್ದು ನೀಲವ್ವ. ದಿನಾ ಮುಂಜಾನೆ ತನ್ನ ಹೊಲದ ಹಕ್ಕರಿಕೆ ಸೊಪ್ಪು, ಮೆಂತ್ಯದ ಸೊಪ್ಪು ಒಂದು ಹಿಡಿ, ಮೊಳಕೆ ಬಂದ ಮಡಿಕೆ ಕಾಳು ಒಂದು ಬಟ್ಟಲು ಅವನ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳಂತೆ. ತಿನ್ನು ಎಂದು ಹೇಳುತ್ತಿರಲಿಲ್ಲ. ಮರುದಿನ ಬಟ್ಟಲು ಖಾಲಿಯಿದ್ದರೆ ಒಯ್ಯುವಳು, ತುಂಬಿದ್ದರೆ ಎಮ್ಮೆಗೆ ಹಾಕುವಳು. ಕೆಲವು ದಿನ ಎಮ್ಮೆಯೇ ತಿಂದಿತು. ಆಮೇಲೆ ಬೀರಪ್ಪ ತಿಂದ. ಮೊದಲು ಸೊಪ್ಪು, ಆಮೇಲೆ ಕಾಳು, ಕಡೆಗೆ ಅರ್ಧ ರೊಟ್ಟಿ. ಪ್ರತಿ ಸಲ ಹೆಚ್ಚಿಸಿದಾಗಲೂ ಬಂದು ಬೆರಳು ಚುಚ್ಚಿಸಿಕೊಂಡು ಹೋಗುತ್ತಿದ್ದ. ಬರೀ ಮಾಂಸ ತಿನ್ನುತ್ತಿದ್ದಾಗಿನಷ್ಟು ಕಡಿಮೆ ಅಲ್ಲದಿದ್ದರೂ ಶುಗರ್ ಹದ್ದುಬಸ್ತಿನಲ್ಲೇ ನಿಂತಿತು. ಕೆಟ್ಟ ಕೊಬ್ಬು ಇಳಿಯಿತು. ಬೆರಳಿನ ಬಾವು ಮತ್ತೆ ಬರಲಿಲ್ಲ. ಮಟನ್ ಈಗಲೂ ತಿನ್ನುತ್ತಾನೆ, ವಾರಕ್ಕೊಮ್ಮೆ. ನೀಲವ್ವ ಈಗಲೂ ಹಾಲು ಮುಟ್ಟುವುದಿಲ್ಲ.

ಇಬ್ಬರಲ್ಲಿ ಯಾರ ಊಟ ಮೇಲು ಎಂದು ಕೇಳುವವರಿಗೆ ನಾನು ಇಷ್ಟನ್ನೇ ಹೇಳುತ್ತೇನೆ. ಇಬ್ಬರ ಊಟವೂ ಅವರಿಗೆ ಒಂದಿಷ್ಟು ಒಳ್ಳೆಯದು ಮಾಡಿತು, ಒಂದಿಷ್ಟು ಹೊಡೆತ ಕೊಟ್ಟಿತು. ಒಬ್ಬಳು ಮೂಕ ಪ್ರಾಣಿಗಾಗಿ ಬಾಯಿ ಕಟ್ಟಿದಳು, ಒಬ್ಬ ಜೀವದ ಆಸೆಯಿಂದ ಕಟ್ಟಿದ. ಒಂದು ಹೊತ್ತಿನ ಚಹಾದ ಸಕ್ಕರೆ ಬಿಡಲು ನನ್ನಿಂದ ಇಂದಿಗೂ ಆಗಿಲ್ಲ. ಅವರಿಬ್ಬರನ್ನು ನೆನೆದರೆ ನನಗೆ ಗೌರವವೇ ಹುಟ್ಟುತ್ತದೆ.

ನಾನು ನಿವೃತ್ತಳಾದ ವಾರ ಬೀರಪ್ಪ ಮನೆಗೆ ಊಟಕ್ಕೆ ಕರೆದ. ಮೇಡಮ್ ಕೂಡ ಬಂದಿದ್ದರು. ಹೋಗಿ ನೋಡಿದರೆ ಪಡಸಾಲೆಯಲ್ಲಿ ನೀಲವ್ವ ಕೂತಿದ್ದಳು. ಒಂದೇ ಓಣಿಯಲ್ಲಿ ಇಷ್ಟು ವರ್ಷ ಇದ್ದರೂ ಮಾಂಸ ಬೇಯುವ ಆ ಮನೆಯಲ್ಲಿ ಅವಳು ಎಂದೂ ಉಂಡವಳಲ್ಲ. ಅವಳ ಮನೆತನದವರು ಯಾರೂ ಉಂಡವರಲ್ಲ. ಕೆಂಚವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ನನಗೆ ಸಣ್ಣ ದನಿಯಲ್ಲಿ ಹೇಳಿದಳು: "ಹಂಚು ಹೊಸಾದು ತಂದೇನ್ರಿ ಅಕ್ಕಾರ, ಗಡಿಗಿನೂ ಹೊಸಾವು. ತುಪ್ಪ ಮೊಸರ ಯಾವುದಕ್ಕೂ ಸೋಕಿಸಿಲ್ಲ. ಆದ್ರೂ ಆಕಿ ಉಣ್ಣತಾಳೋ ಇಲ್ಲೋ, ಎದಿ ಡವಡವ ಅಂತೈತಿ."

ತಾಟು ಬಂದವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ನಾಲ್ಕೂ ತಾಟುಗಳಲ್ಲಿ ಅದೇ ಊಟ. ನೀಲವ್ವ ಕಣ್ಣು ಮುಚ್ಚಿ ಕೈಮುಗಿದು, ರೊಟ್ಟಿ ಮುರಿದು, ಎಣ್ಣಿಗಾಯಿಗೆ ಅದ್ದಿ ಬಾಯಿಗಿಟ್ಟಳು. ಬೀರಪ್ಪ ತನ್ನ ತಾಟನ್ನು ಮುಟ್ಟದೆ ಅವಳನ್ನೇ ನೋಡುತ್ತಿದ್ದ. ಅವಳು ನಿಧಾನವಾಗಿ ಅಗಿದು, ನುಂಗಿ, ಎರಡನೆಯ ತುತ್ತು ಮುರಿದಳು. ತಾಟಿನಲ್ಲಿದ್ದ ರೊಟ್ಟಿ ಮುಗಿದ ಮೇಲೆ ಬಾಗಿಲ ಕಡೆ ತಿರುಗಿದಳು.

"ಕೆಂಚವ್ವಾ, ಅಲ್ಲೆ ಯಾಕ ನಿಂತಿ ಬೇ? ಇನ್ನೊಂದ ರೊಟ್ಟಿ ಹಾಕು."